ವಯಸ್ಸಾದ ಲ್ಯಾಬ್ರಡಾರ್ ನಾಯಿಗೆ ಮನೇಲೇ ಮಸಾಜ್ ಮಾಡ್ತಿದೀನಿ, ಸೊಂಟ ಮುಟ್ಟಿದ್ರೆ ಎದ್ದು ಹೋಗ್ತಾಳೆ, ಎಲ್ಲಿ ತಪ್ತಿದೀನಿ?

ಬೆಲ್ಲದ_ಮನೆ

ಎಲ್ರಿಗೂ ನಮಸ್ಕಾರ, ಇಲ್ಲಿ ಓದ್ತಾ ಇರ್ತೀನಿ, ಬರೀತಿರೋದು ಇದೇ ಮೊದಲು, ಉದ್ದ ಆದ್ರೆ ಬೇಜಾರ್ ಮಾಡ್ಕೋಬೇಡಿ. ನಮ್ಮನೇಲಿ ಒಂದು ಲ್ಯಾಬ್ರಡಾರ್ ಇದೆ, ಹೆಣ್ಣು, ಹತ್ತು ವರ್ಷ ತುಂಬೋಕೆ ಇನ್ನೆರಡು ತಿಂಗಳು. ಮಗಳು ಬೆಲ್ಲಾ ಅಂತ ಸ್ಟೈಲಾಗಿ ಹೆಸರಿಟ್ಲು, ನಮ್ಮತ್ತೆ ಬಾಯಲ್ಲಿ ಮೊದಲನೇ ದಿನಾನೇ ಅದು ಬೆಲ್ಲ ಆಯ್ತು, ಈಗ ಬೀದಿಯವರೆಲ್ಲ ಬೆಲ್ಲ ಅಂತಾನೇ ಕರೆಯೋದು, ಬಣ್ಣಾನೂ ಹಾಗೇ ಇದೆ ಬಿಡಿ.

ವಿಷಯ ಏನಂದ್ರೆ, ಎರಡು ಮೂರು ತಿಂಗಳಿಂದ ಬೆಳಗ್ಗೆ ಏಳುವಾಗ ಕಷ್ಟಪಡ್ತಾಳೆ. ಮುಂಗಾಲು ಊರಿ ಸ್ವಲ್ಪ ಹೊತ್ತು ಹಾಗೇ ಕೂತಿರ್ತಾಳೆ, ಆಮೇಲೆ ಹಿಂದಿನ ಭಾಗನ ಎಳ್ಕೊಂಡು ಎದ್ದೇಳ್ತಾಳೆ, ಹತ್ತಿಪ್ಪತ್ತು ಹೆಜ್ಜೆ ಹಾಕಿದ್ಮೇಲೆ ಏನೂ ಆಗೇ ಇಲ್ಲ ಅನ್ನೋ ಥರ ಓಡಾಡ್ತಾಳೆ. ವಯಸ್ಸಾಯ್ತಲ್ಲ ಅಂದ್ಕೊಂಡು ಸುಮ್ನಿದ್ವಿ. ಹೊಸ ಮನೆಗೆ ಬಂದು ಎಂಟು ತಿಂಗಳಾಯ್ತು, ಜಾಗ ಬದಲಾಗಿದ್ದಕ್ಕೆ ಹೀಗೇನೋ ಅಂತಾನೂ ಅನ್ಕೊಂಡಿದ್ದೆ.

ಆಮೇಲೆ ಯೂಟ್ಯೂಬಲ್ಲಿ ನಾಯಿಗೆ ಮಸಾಜ್ ಮಾಡೋ ವಿಡಿಯೋ ಸಿಕ್ತು, ಅದರಲ್ಲಿರೋ ನಾಯಿಗಳು ಎರಡೇ ನಿಮಿಷಕ್ಕೆ ಕಣ್ಣು ಮುಚ್ಚಿ ಗೊರಕೆ ಹೊಡೀತವೆ. ನಾನೂ ಶುರು ಮಾಡಿದೆ. ನಮ್ಮತ್ತೆ "ಹರಳೆಣ್ಣೆ ಬೆಚ್ಚಗೆ ಮಾಡಿ ಸೊಂಟಕ್ಕೆ ಚೆನ್ನಾಗಿ ತಿಕ್ಕು, ನನ್ನ ಮಂಡಿಗೆ ಅದೇ ತಾನೆ" ಅಂದ್ರು. ಮೊದಲೆರಡು ದಿನ ಸುಮ್ನೆ ಮಲಗಿದ್ಲು. ಮೂರನೇ ದಿನ ಎರಡೂ ಹೆಬ್ಬೆರಳಿಂದ ಸೊಂಟದ ಪಕ್ಕ ಸ್ವಲ್ಪ ಜೋರಾಗಿ ಒತ್ತಿದೆ ನೋಡಿ, ತಿರುಗಿ ನನ್ನ ಮಣಿಕಟ್ಟನ್ನ ಬಾಯಲ್ಲಿ ಹಿಡ್ಕೊಂಡ್ಲು. ಕಚ್ಚಲಿಲ್ಲ, ಹಲ್ಲಿನ ಗುರುತೂ ಬೀಳಲಿಲ್ಲ, ಹಿಡಿದು ಬಿಟ್ಟು ಎದ್ದು ದಿವಾನದ ಕೆಳಗೆ ಹೋಗಿ ಮಲಗಿದ್ಲು. ಹತ್ತು ವರ್ಷದಲ್ಲಿ ಒಂದು ಸಲಾನೂ ಹಾಗೆ ಮಾಡಿರ್ಲಿಲ್ಲ, ನಂಗೆ ಅಳು ಬಂದ್ಬಿಡ್ತು. ಈಗ ಎಣ್ಣೆ ಬಾಟಲಿ ಮುಚ್ಚಳ ತೆಗೆದ ಸದ್ದಾದ್ರೆ ಸಾಕು ಅಡುಗೆಮನೆ ದಾಟಿ ಹಿತ್ತಲಿಗೆ ಹೋಗಿಬಿಡ್ತಾಳೆ.

ನಾನು ಏನು ತಪ್ಪು ಮಾಡ್ತಿದೀನಿ, ಯಾವ ಎಣ್ಣೆ ಒಳ್ಳೇದು, ಎಷ್ಟು ಹೊತ್ತು ಮಾಡ್ಬೇಕು, ದಿನಾ ಮಾಡಬಹುದಾ, ಇಲ್ಲಾಂದ್ರೆ ಬಿಟ್ಟೇ ಬಿಡ್ಲಾ? ಗೊತ್ತಿರೋರು ಹೇಳಿ ಪ್ಲೀಸ್.

ಮೂರ್ನಾಯಿ_ಒಂದ್ಬೆಕ್ಕು

ಎಣ್ಣೆ ಇವತ್ತೇ ನಿಲ್ಸಿ ಮೇಡಂ. ನಾಯಿ ಮೈಗೆ ಏನು ಹಚ್ಚಿದ್ರೂ ಅದು ಕೊನೆಗೆ ಹೋಗೋದು ಹೊಟ್ಟೆಗೇ, ನೆಕ್ಕಿ ನೆಕ್ಕಿ ಖಾಲಿ ಮಾಡತ್ತೆ. ಹರಳೆಣ್ಣೆ ನೆಕ್ಕಿದ್ರೆ ಏನಾಗುತ್ತೆ ಅಂತ ನಮ್ಮ ಕಾಲದ ಮಕ್ಕಳಿಗೆಲ್ಲ ಗೊತ್ತು, ನೀವು ಬೆಳಗ್ಗೆ ಹಿತ್ತಲು ತೊಳೀಬೇಕಾಗುತ್ತೆ. ಬರೀ ಕೈ ಸಾಕು.

ಇನ್ನೊಂದು ಮಾತು, ಅವಳು ಮಣಿಕಟ್ಟು ಹಿಡಿದಿದ್ದು ಕಚ್ಚಿದ್ದಲ್ಲ, "ಅಲ್ಲಿ ಬೇಡ ಕಣಮ್ಮ" ಅಂದಿದ್ದು ಅಷ್ಟೇ. ಅದಕ್ಕೂ ಮುಂಚೆ ನಾಲ್ಕು ಸಲ ಹೇಳಿರ್ತಾಳೆ, ನೀವು ನೋಡಿರಲ್ಲ. ತುಟಿ ನೆಕ್ಕೋದು, ಮುಖ ಆ ಕಡೆ ತಿರುಗಿಸೋದು, ಕಣ್ಣಿನ ಬಿಳಿ ಕಾಣೋ ಹಾಗೆ ಓರೆಗಣ್ಣಲ್ಲಿ ನಿಮ್ಮ ಕೈ ನೋಡೋದು, ಇದ್ದಕ್ಕಿದ್ದ ಹಾಗೆ ಮೈ ಬಿಗಿ ಹಿಡಿದು ಉಸಿರು ಕಟ್ಟೋದು. ನಿದ್ದೆ ಬರದೇ ಇರೋವಾಗ ಆಕಳಿಸಿದ್ರೆ ಅದೂ ನೆಮ್ಮದಿಯ ಆಕಳಿಕೆ ಅಲ್ಲ. ಮೊದಲೆರಡು ದಿನ ಸುಮ್ನೆ ಮಲಗಿದ್ದು ಇಷ್ಟ ಆಗಿ ಅಲ್ಲ, ಲ್ಯಾಬ್ ಅಲ್ವಾ, ಸಹಿಸ್ಕೊಂಡಿದಾಳೆ. ಈ ಜಾತಿ ನಾಯಿಗಳ ಕಷ್ಟವೇ ಅದು, ಎಷ್ಟು ನೋವಿದ್ರೂ ಬಾಲ ಅಲ್ಲಾಡಿಸ್ತಾನೇ ಇರ್ತವೆ.

ಮೊದಲು ಡಾಕ್ಟ್ರಿಗೆ ತೋರಿಸಿ, ಮಸಾಜ್ ಆಮೇಲೆ.

ಗದ್ದೆಬಯಲು

ನಾಯಿಗೆ ಮಸಾಜ್ ಅಂತೆ, ಅದಕ್ಕೊಂದು ಚರ್ಚೆ ಅಂತೆ. ನಮ್ಮೂರಲ್ಲಿ ನಾಯಿಗಳು ಮಣ್ಣಲ್ಲಿ ಹೊರಳಾಡಿ ತಮ್ಮ ಮಸಾಜ್ ತಾವೇ ಮಾಡ್ಕೊಳ್ತಿದ್ವು, ಹದಿನಾಲ್ಕು ವರ್ಷ ಬದುಕಿದ್ವು. ಅಪಾರ್ಟ್‌ಮೆಂಟಲ್ಲಿ ಕೂಡಿಹಾಕಿ, ಬಿಸ್ಕೆಟ್ ತಿನ್ನಿಸಿ ಗುಂಡಗೆ ಮಾಡಿ, ಆಮೇಲೆ ಸೊಂಟ ನೋವು ಅಂತ ಒತ್ತೋಕೆ ಕೂತ್ರೆ ಹೆಂಗೆ. ಬೇಜಾರಾದ್ರೆ ಕ್ಷಮೆ ಇರಲಿ, ಇದ್ದದ್ದು ಇದ್ದ ಹಾಗೆ ಹೇಳಿದೆ.

ತಿಪಟೂರು_ತಾತ

ಗದ್ದೆಬಯಲು ಅವರು ಹೇಳಿದ್ದನ್ನ ಪೂರ್ತಿ ತಳ್ಳಿಹಾಕೋಕಾಗಲ್ಲ, ಬಿಸ್ಕೆಟ್ ವಿಷಯಕ್ಕೆ ಆಮೇಲೆ ಬರ್ತೀನಿ. ನಾನು ಪಶು ಆಸ್ಪತ್ರೇಲಿ ಮೂವತ್ತು ವರ್ಷ ಕೆಲಸ ಮಾಡಿ ರಿಟೈರ್ ಆದವನು, ಡಾಕ್ಟ್ರಲ್ಲ, ಡಾಕ್ಟ್ರ ಪಕ್ಕದಲ್ಲಿ ದನದ ಕೊಂಬು, ನಾಯಿ ಮೂತಿ ಹಿಡ್ಕೊಂಡು ನಿಲ್ತಿದ್ದವನು. ಹಿಡ್ಕೊಳ್ಳೋದೇ ಕೆಲಸ ಆದ್ದರಿಂದ ಯಾವ ಮುಟ್ಟುವಿಕೆಗೆ ಪ್ರಾಣಿ ಬಿಗಿಯಾಗುತ್ತೆ, ಯಾವುದಕ್ಕೆ ಸಡಿಲ ಬಿಡುತ್ತೆ ಅನ್ನೋದು ಕೈಗೆ ಗೊತ್ತಾಗಿದೆ.

ನೋಡಿ ತಾಯಿ, ನಮ್ಮಲ್ಲಿ ಕೈ ಆಡಿಸೋದಕ್ಕೆ ಎಷ್ಟು ಮಾತಿದೆ, ಸವರೋದು, ನೀವೋದು, ಒತ್ತೋದು, ಅಮುಕೋದು, ಉಜ್ಜೋದು, ತಿಕ್ಕೋದು. ತಿಕ್ಕೋದು ಪಾತ್ರೆಗೆ, ಉಜ್ಜೋದು ಬೆನ್ನಿನ ಕೊಳೆಗೆ, ಒತ್ತೋದು ಮಾವನ ಕಾಲಿಗೆ. ನಾಯಿಗೆ ಮನೇಲಿ ನೀವು ಮಾಡಬಹುದಾದ್ದು ಮೊದಲಿನ ಎರಡೇ. ನಿಮ್ಮತ್ತೆ ತಿಕ್ಕು ಅಂದ್ರು, ನೀವು ಒತ್ತಿದ್ರಿ, ತಪ್ಪಾಗಿದ್ದು ಅಲ್ಲೇ.

ಇನ್ನೊಂದು ತಪ್ಪು ಎಲ್ರೂ ಮಾಡ್ತಾರೆ, ನೋವಿರೋ ಜಾಗಕ್ಕೇ ಕೈ ಹಾಕೋದು. ನಾಯಿ ನಿಂತಾಗ ಮೈ ಭಾರದ ನೂರಕ್ಕೆ ಅರವತ್ತು ಪಾಲು ಮುಂಗಾಲ ಮೇಲೆ ಇರುತ್ತೆ, ಅದು ಆರೋಗ್ಯವಾಗಿರೋ ನಾಯಿಗೆ. ಸೊಂಟ ನೋಯೋ ನಾಯಿ ಹಿಂದಿನ ಕಾಲಿಗೆ ಭಾರ ಹಾಕದೆ ಇನ್ನೂ ಮುಂದಕ್ಕೆ ವಾಲ್ಕೊಂಡು ನಿಲ್ಲುತ್ತೆ. ಮೇಲಾಗಿ ನಾಯಿಗೆ ನಮ್ಮ ಹಾಗೆ ಕತ್ತಿನ ಕೆಳಗೆ ಹೆಗಲಿಗೆ ಸೇರೋ ಮೂಳೆ ಇಲ್ಲ, ಮುಂಗಾಲು ಮೈಗೆ ಅಂಟ್ಕೊಂಡಿರೋದೇ ಮಾಂಸಖಂಡದಿಂದ. ಅಂದ್ಮೇಲೆ ಸೊಂಟ ನೋಯ್ತಿರೋ ನಿಮ್ಮ ಬೆಲ್ಲನ ಕತ್ತು, ಹೆಗಲು, ಎದೆ ಎಷ್ಟು ಬಿಗಿದಿರಬೇಕು ಯೋಚನೆ ಮಾಡಿ. ನಿಮ್ಮ ಕೈಗೆ ಕೆಲಸ ಇರೋದು ಅಲ್ಲಿ. ಸೊಂಟದ ಕೀಲನ್ನ ಡಾಕ್ಟ್ರಿಗೆ ಬಿಡಿ.

ಹೇಗೆ ಅಂದ್ರೆ, ರಾತ್ರಿ ಊಟ ಆಗಿ ಒಂದೆರಡು ಗಂಟೆ ಬಿಟ್ಟು, ಟೀವಿ ಆರಿಸಿ, ಅವಳು ದಿನಾ ಮಲಗೋ ಜಾಗದಲ್ಲೇ ಪಕ್ಕಕ್ಕೆ ಕೂತ್ಕೊಳ್ಳಿ. ಕರೀಬೇಡಿ, ಎಳ್ಕೊಂಡು ಬರಬೇಡಿ. ಮೊದಲು ಅಂಗೈ ಅವಳ ಹೆಗಲ ಮೇಲೆ ಸುಮ್ನೆ ಇಡಿ, ಆಡಿಸಬೇಡಿ, ಅವಳ ಉಸಿರು ಮೇಲೆ ಕೆಳಗೆ ಹೋಗೋದು ನಿಮ್ಮ ಕೈಗೆ ತಿಳಿಯೋವರೆಗೂ. ಆಮೇಲೆ ಕಿವಿ ಹಿಂದಿನಿಂದ ಶುರು ಮಾಡಿ ಕತ್ತಿನ ಪಕ್ಕ, ಹೆಗಲು, ಮುಂಗಾಲ ಮೊಣಕೈವರೆಗೆ, ಕೂದಲು ಮಲಗಿರೋ ದಿಕ್ಕಿಗೇ, ರೊಟ್ಟಿಗೆ ಬೆಣ್ಣೆ ಸವರಿದಷ್ಟು ನಿಧಾನಕ್ಕೆ ನೀವ್ಕೊಂಡು ಬನ್ನಿ. ಒಂದು ಕೈ ಆಡ್ತಿದ್ರೆ ಇನ್ನೊಂದು ಕೈ ಮೈ ಮೇಲೇ ಇರಲಿ, ಎರಡೂ ಕೈ ಒಟ್ಟಿಗೆ ಎತ್ತಿ ಮತ್ತೆ ಧಪ್ ಅಂತ ಇಟ್ರೆ ಬೆಚ್ಚಿ ಬೀಳುತ್ತೆ. ನಾಲ್ಕೈದು ಸಲ ಹಾಗೆ ಮಾಡಿದ್ಮೇಲೆ ಹೆಗಲ ಮಾಂಸ ಇರೋ ಕಡೆ ನಾಲ್ಕು ಬೆರಳು ಮಟ್ಟಸವಾಗಿ ಇಟ್ಟು ಚಿಕ್ಕ ಚಿಕ್ಕ ಸುತ್ತು ಹಾಕಿ, ಬೆರಳು ಕೂದಲ ಮೇಲೆ ಜಾರಬಾರದು, ಚರ್ಮನೇ ಒಳಗಿನ ಮಾಂಸದ ಮೇಲೆ ಜಾರಬೇಕು. ಎಷ್ಟು ಭಾರ ಹಾಕಬೇಕು ಅನ್ನೋದಕ್ಕೆ ಸುಲಭದ ಲೆಕ್ಕ ಇದೆ, ನಿಮ್ಮ ಕಣ್ಣು ಮುಚ್ಚಿ ರೆಪ್ಪೆ ಮೇಲೆ ಬೆರಳಿಡಿ, ಎಷ್ಟು ಒತ್ತಿದ್ರೆ ಕಣ್ಣಿಗೆ ಏನೂ ಅನ್ಸಲ್ವೋ ಅಷ್ಟು.

ಬೆನ್ನಿಗೆ ಬಂದ್ರೆ ನಡುಮೂಳೆ ಮೇಲೆ ಕೈ ಬೇಡ, ಅದರ ಎರಡೂ ಪಕ್ಕ ಎರಡು ಬೆರಳು ಬಿಟ್ಟು ಸವರಿ, ಸೊಂಟದ ಹತ್ರ ಬಂದಾಗ ಇನ್ನೂ ಹಗುರ ಮಾಡಿ. ತೊಡೆ ಮೇಲೆ ಅಂಗೈ ಇಟ್ಟು ಬಿಸಿ ತಾಗಿಸಿ, ಸಾಕು. ಹೊಟ್ಟೆ, ಗಂಟಲು ಒತ್ತೋದು, ಕಾಲು ಹಿಡಿದು ಎಳೆದು ಮಡಚೋದು ಇವೆಲ್ಲ ಬೇಡವೇ ಬೇಡ. ಬಾಣಂತನದಲ್ಲಿ ಮಗೂಗೆ ಎಣ್ಣೆ ನೀವಿ ಕೈಕಾಲು ಕತ್ತರಿ ಹಾಕಿಸ್ತಾರಲ್ಲ, ಅದನ್ನ ನೋಡಿ ಬೆಳೆದವರು ನಾಯಿಗೂ ಹಾಗೇ ಮಾಡೋಕೆ ಹೋಗ್ತಾರೆ, ನಾನೇ ನೋಡಿದೀನಿ.

ಒಂದೆರಡು ನಿಮಿಷಕ್ಕೊಂದು ಸಲ ಕೈ ನಿಲ್ಲಿಸಿ, ಮನಸ್ಸಲ್ಲೇ ಐದು ಎಣಿಸಿ. ಮೂತಿಯಿಂದ ಕೈ ತಳ್ಳಿದ್ರೆ, ಇಲ್ಲಾ ಮೈನ ನಿಮ್ಮ ಕಡೆ ಒರಗಿಸಿದ್ರೆ ಮುಂದುವರಿಸಿ. ಸುಮ್ನಿದ್ರೆ ಅವತ್ತಿಗೆ ಅಷ್ಟೇ. ಎದ್ದು ಹೋದ್ರೆ ಹಿಂದೆ ಹೋಗಬೇಡಿ. ಐದು ನಿಮಿಷದಿಂದ ಶುರು ಮಾಡಿ, ಹತ್ತು ದಾಟೋದು ಬೇಡ. ಇಷ್ಟಪಟ್ರೆ ದಿನಾ ಮಾಡಬಹುದು.

ಜ್ವರ ಇದ್ರೆ, ಗಾಯ, ಊತ ಇದ್ರೆ, ಊಟ ಬಿಟ್ಟಿದ್ರೆ ಮಸಾಜ್ ಮುಟ್ಟಬೇಡಿ. ಮೂಗು ಮುಟ್ಟಿ ಜ್ವರ ಹೇಳೋದು ಸುಳ್ಳು, ನಾಯಿ ಮೈ ಬಿಸಿ ಸಹಜವಾಗೇ 101ರಿಂದ 102.5 ಫ್ಯಾರನ್‌ಹೀಟ್ ಇರುತ್ತೆ, ನಮಗೆ ಜ್ವರ ಅನ್ಸೋದು ಅದಕ್ಕೆ ಮಾಮೂಲು. ಹಿಂದಿನ ಪಾದ ಮಗುಚಿ ಎಳ್ಕೊಂಡು ನಡೆಯೋಕೆ ಶುರು ಮಾಡಿದ್ರೆ ಮಾತ್ರ ಒಂದು ದಿನಾನೂ ಕಾಯಬೇಡಿ, ಅದು ಬೆನ್ನುಹುರಿ ತೊಂದರೆ ಇರಬಹುದು, ಕೂಡಲೇ ಕರ್ಕೊಂಡು ಹೋಗಿ.

ಒಂದು ಪ್ರಶ್ನೆ. ಹೊಸ ಮನೆ ಅಂದ್ರಲ್ಲ, ನೆಲ ಎಂಥದ್ದು?

ಬೆಲ್ಲದ_ಮನೆ

ಸರ್ ಎಷ್ಟು ವಿವರವಾಗಿ ಬರ್ದಿದೀರಿ, ತುಂಬಾ ಥ್ಯಾಂಕ್ಸ್, ಎರಡು ಸಲ ಓದ್ದೆ. ನೆಲ ವಿಟ್ರಿಫೈಡ್ ಟೈಲ್ಸ್, ಕನ್ನಡಿ ಥರ ಹೊಳೆಯುತ್ತೆ. ಹಳೇ ಮನೇಲಿ ರೆಡ್ ಆಕ್ಸೈಡ್ ಇತ್ತು. ಯಾಕೆ ಕೇಳಿದ್ರಿ?

ಗದ್ದೆಬಯಲು ಅವ್ರೇ, ಬೇಜಾರೇನಿಲ್ಲ, ಆದ್ರೆ ನಾವಿರೋದು ಸ್ವಂತ ಮನೆ, ಹಿತ್ತಲಿದೆ, ಅಪಾರ್ಟ್‌ಮೆಂಟ್ ಅಲ್ಲ. ಬಿಸ್ಕೆಟ್ ಮಾತ್ರ ನಿಜ. ಅತ್ತೆ ಕಾಫಿ ಕುಡಿಯೋವಾಗ ರಸ್ಕ್ ಅರ್ಧ ಅವರಿಗೆ ಅರ್ಧ ಬೆಲ್ಲಂಗೆ.

ತಿಪಟೂರು_ತಾತ

ಅದಕ್ಕೇ ಕೇಳಿದ್ದು. ಆ ನೆಲದ ಮೇಲೆ ವಯಸ್ಸಾದ ನಾಯಿ ನಡೆಯೋದು ಅಂದ್ರೆ ನಾವು ಎಣ್ಣೆ ಚೆಲ್ಲಿರೋ ಬಚ್ಚಲಲ್ಲಿ ನಡೆದ ಹಾಗೆ. ಪ್ರತಿ ಹೆಜ್ಜೆಗೂ ಹಿಂದಿನ ಕಾಲು ಪಕ್ಕಕ್ಕೆ ಜಾರುತ್ತೆ, ಜಾರದ ಹಾಗೆ ಇಡೀ ದಿನ ತೊಡೆ ಸೊಂಟ ಬಿಗಿ ಹಿಡ್ಕೊಂಡೇ ಇರುತ್ತೆ. ನೀವು ರಾತ್ರಿ ಹತ್ತು ನಿಮಿಷ ನೀವಿ ಸಡಿಲ ಮಾಡಿದ್ದು ಬೆಳಗ್ಗೆ ಹತ್ತು ನಿಮಿಷಕ್ಕೆ ವಾಪಸ್. ಅವಳು ಓಡಾಡೋ ದಾರೀಲೆಲ್ಲ ಹಳೇ ಯೋಗ ಮ್ಯಾಟು, ಅಡೀಲಿ ರಬ್ಬರ್ ಇರೋ ಕಾಲೊರಸು, ಏನಾದ್ರೂ ಹಾಸಿ, ಹಾಸಿಗೆಯಿಂದ ನೀರಿನ ಬಟ್ಟಲಿಗೆ, ಅಲ್ಲಿಂದ ಹಿತ್ತಲ ಬಾಗಿಲಿಗೆ. ಪಾದದ ಅಡಿಯ ಮೆತ್ತೆಗಳ ನಡುವೆ ಕೂದಲು ಬೆಳೆದಿದ್ರೆ ಕತ್ತರಿಸಿ, ಉಗುರು ನೆಲಕ್ಕೆ ಟಕ ಟಕ ಅನ್ನೋ ಹಾಗಿದ್ರೆ ಅದನ್ನೂ.

ಜಮಖಂಡಿ_ರಸ್ತೆ

ತಾತಾರು ಹೇಳಿದ್ದು ಖರೇ ಐತ್ರಿ ಅಕ್ಕಾರ. ನಮ್ಮ ಮನ್ಯಾಗ ಮುಧೋಳ ನಾಯಿ ಅದಾವು ಎರಡು, ಅಪ್ಪನ ಕಾಲದಿಂದ ಸಾಕ್ಕೋತ ಬಂದೇವಿ. ನಾಯಿಗೆ ಮಸಾಜ್ ಅಂದ್ರ ಇಲ್ಲಿ ಮಂದಿ ನಗ್ತಾರ್ರಿ, ಆದ್ರ ನಮ್ಮಪ್ಪ ಓಡಿಸಿಕೊಂಡ ಬಂದ ಮ್ಯಾಲ ದಿನಾ ತೊಡಿ ಮ್ಯಾಲ ಕೈಯಾಡಿಸ್ತಿದ್ದ, ಅದಕ್ಕ ಮಸಾಜ್ ಅಂತಾರ ಅನ್ನೋದು ಪಾಪ ಅವಗ ಗೊತ್ತಿರಲಿಲ್ಲ.

ನಮ್ಮ ನಾಯಿ ಮೈಯಾಗ ಕೊಬ್ಬ ಇಲ್ಲ, ಕೂದಲ ಸಣ್ಣ, ತೊಗಲ ಭಾಳ ತೆಳು, ಬೆರಳ ಇಟ್ರ ಸೀದಾ ಎಲುಬಿಗೇ ಹತ್ತತೈತಿ. 2005ನೇ ಇಸವ್ಯಾಗ ಅಂಚೆ ಚೀಟಿ ಮ್ಯಾಲ ಬಂದ ನಾಯಿರಿ ಇದು, ಮಿಲಿಟ್ರಿಯವರೂ ಒಯ್ದು ಟ್ರೇನಿಂಗ್ ಕೊಟ್ಟಾರ, ಆದ್ರ ಮೈ ಮುಟ್ಟಿಸಿಕೊಳ್ಳೂದ್ರಾಗ ಮಹಾರಾಣಿ ಹಂಗ. ಹೊರಗಿನವ್ರು ಬಂದು ತಲಿ ಮ್ಯಾಲ ಕೈ ಇಟ್ರ ಸರಕ್ಕ ಅಂತ ಹಿಂದ ಸರೀತಾವು. ನಮ್ಮವೂ ಅಷ್ಟ, ಕೈ ಮ್ಯಾಲಿಂದ ಬರಬಾರದು, ಎದಿ ಕಡಿಂದ ಬರಬೇಕು. ತೊಡಿ ಹಿಂದಿನ ದಪ್ಪ ಸ್ನಾಯುದ ಮ್ಯಾಲ ಅಂಗೈ ಇಟ್ಟು ನಿಂದರಸ್ತೀನಿ, ಓಡಿ ಬಂದಾಗ ಅಲ್ಲಿ ಪಟಪಟ ಅಂತ ಅದರತಿರತೈತಿ, ಒಂದ ಎರಡ ನಿಮಿಷಕ್ಕ ಅದು ನಿಂತು ಮೆತ್ತಗಾಗತೈತಿ. ಅಷ್ಟ ನನ್ನ ಮಸಾಜ್. ಓಡಿ ಬಂದ ಕೂಡ್ಲೇ ಅಲ್ಲ ಮತ್ತ, ತೇಕೂದು ನಿಂತು ನೀರ ಕುಡದ ಮ್ಯಾಲ.

ಮಲಗಾಕ ಕೌದಿ ಹಾಸ್ರಿ ಅಕ್ಕಾರ, ಎರಡ ಮಡಿಚಿ. ಬರೀ ಫರಸಿ ಮ್ಯಾಲ ಮಲಗಿ ನಮ್ಮ ಹಳೇ ನಾಯಿ ಮೊಣಕೈಗೆ ಆಣಿ ಕಟ್ಟಿದಂಗ ಆಗಿತ್ತು. ನಮ್ಮವ್ವ ಹಳೇ ಸೀರಿದು ಒಂದು ಕೌದಿ ಹೊಲದ ಕೊಟ್ಲು, ಈಗ ಅದನ್ನ ಬಿಟ್ಟು ಬ್ಯಾರೆ ಕಡೆ ಮಲಗಂಗಿಲ್ಲ.

ರಾಮನಗರ_ಪ್ಯಾಸೆಂಜರ್

ಎಣ್ಣೆ ಮಾತು ಬಂತಲ್ಲ, ಅದಕ್ಕಿಂತ ದೊಡ್ಡ ತಪ್ಪು ನಾನು ಮಾಡಿದೀನಿ, ಯಾರೂ ಮಾಡದೇ ಇರಲಿ ಅಂತ ಬರೀತಿದೀನಿ. ಐದು ವರ್ಷದ ಹಿಂದೆ ನಮ್ಮ ಪಮೇರಿಯನ್ ಸೋಫಾದಿಂದ ಹಾರಿ ಕುಂಟ್ತಾ ಇತ್ತು, ರಾತ್ರಿ ಹತ್ತು ಗಂಟೆ, ನಾನು ಬುದ್ಧಿವಂತ ಅಲ್ವಾ, ನನ್ನ ಬೆನ್ನಿಗೆ ಹಚ್ಚೋ ನೋವಿನ ಜೆಲ್ ತಂದು ಚೆನ್ನಾಗಿ ಹಚ್ಚಿ ನೀವಿದೆ. ನೆಕ್ಕಿದೆ ಅದು. ಬೆಳಗ್ಗೆ ವಾಂತಿ, ಸಂಜೆಗೆ ಮಲ ಕಪ್ಪಗೆ ಟಾರ್ ಥರ. ಡಾಕ್ಟ್ರು ಬೈದಿದ್ದು ಇನ್ನೂ ಕಿವೀಲಿದೆ, "ಅದರಲ್ಲಿರೋದು ಡೈಕ್ಲೋಫಿನ್ಯಾಕ್ ಕಣ್ರೀ, ನಾಯಿ ಹೊಟ್ಟೆ ಒಳಗೆ ಹುಣ್ಣಾಗಿ ರಕ್ತ ಬರುತ್ತೆ, ಕಿಡ್ನಿ ಹೋಗುತ್ತೆ". ನಾಲ್ಕು ದಿನ ಡ್ರಿಪ್ ಹಾಕಿಸಿ ಉಳಿಸ್ಕೊಂಡ್ವಿ.

ಆಮೇಲೆ ತಿಳೀತು, ದನಕ್ಕೆ ಕೊಟ್ಟ ಇದೇ ಔಷಧಿ ಸತ್ತ ದನದ ಮಾಂಸದಿಂದ ರಣಹದ್ದುಗಳ ಹೊಟ್ಟೆ ಸೇರಿ ದೇಶದಲ್ಲಿ ರಣಹದ್ದುಗಳ ಸಂತತಿ ಹೆಚ್ಚುಕಮ್ಮಿ ಅಳಿದೇ ಹೋಯ್ತು ಅಂತ. 2006ರಲ್ಲಿ ಪಶುಗಳಿಗೆ ಕೊಡೋದನ್ನ ಸರ್ಕಾರ ಬ್ಯಾನ್ ಮಾಡ್ತು. ನಾನು ದಿನಾ ರೈಲಲ್ಲಿ ರಾಮದೇವರ ಬೆಟ್ಟ ನೋಡ್ಕೊಂಡು ಓಡಾಡೋನು, ಆ ಬೆಟ್ಟನ 2012ರಲ್ಲಿ ರಣಹದ್ದು ಧಾಮ ಮಾಡಿದ್ದು ಯಾಕೆ ಅಂತ ಆ ಜೆಲ್ ಟ್ಯೂಬ್ ಕೈಲಿ ಹಿಡ್ಕೊಂಡಾಗ್ಲೇ ಅರ್ಥ ಆಗಿದ್ದು. ವಿಷಯ ಎಲ್ಲಿಗೋ ಹೋಯ್ತು, ಇರಲಿ.

ನೋವಿನ ಬಾಮು, ಕರ್ಪೂರ ಹಾಕಿದ ಎಣ್ಣೆ, ನೀಲಗಿರಿ ಎಣ್ಣೆ, ಟೀ ಟ್ರೀ ಎಣ್ಣೆ ಯಾವುದೂ ಬೇಡ. ಮನುಷ್ಯರ ನೋವಿನ ಮಾತ್ರೆ ಅಂತೂ ಬಾಯಿಗೆ ಹಾಕಲೇಬೇಡಿ. ಬಿಸಿ ಬೇಕು ಅನ್ಸಿದ್ರೆ ಟವೆಲ್ ಬಿಸಿನೀರಲ್ಲಿ ಅದ್ದಿ ಹಿಂಡಿ, ನಿಮ್ಮ ಮಣಿಕಟ್ಟಿನ ಒಳಗಡೆ ಇಟ್ಕೊಂಡು ನೋಡಿ ಹಿತವಾಗಿದ್ರೆ ಮಾತ್ರ ಹತ್ತು ನಿಮಿಷ ತೊಡೆ ಮೇಲೆ ಇಡಿ. ಹಳೇ ನೋವಿಗೆ ಮಾತ್ರ ಇದು, ಈಗಷ್ಟೇ ಬಿದ್ದು ಊದಿಕೊಂಡಿದ್ರೆ ಬಿಸಿ ಬೇಡ.

ಕಂಟ್ರಿ_ಕರಿಯ

ನಮ್ಮದು ಲ್ಯಾಬೂ ಅಲ್ಲ ಮುಧೋಳೂ ಅಲ್ಲ, ಬೀದಿಯಿಂದ ಬಂದ ಕರಿಯ. ಯಾರೋ ಬಿಸಿನೀರೆರಚಿದ್ದ ಗುರುತು ಬೆನ್ನ ಮೇಲೆ ಇತ್ತು, ಕೈ ಎತ್ತಿದ್ರೆ ಸಾಕು ಗೇಟಿನ ಕೆಳಗೆ ತೂರ್ತಿದ್ದ. ಅವನಿಗೆ ಮಸಾಜ್ ಮಾಡ್ಬೇಕು ಅಂತ ಯಾರು ಅಂದ್ಕೊಂಡಿದ್ರು. ನಾನು ಮೆಟ್ಟಿಲ ಮೇಲೆ ಕೂತು ಫೋನ್ ನೋಡ್ತಾ ಒಂದು ಕೈ ಪಕ್ಕಕ್ಕೆ ಇಳಿಬಿಟ್ಕೊಂಡು ಇರ್ತಿದ್ದೆ ಅಷ್ಟೇ, ಅವನ ಕಡೆ ನೋಡ್ತಾನೂ ಇರ್ಲಿಲ್ಲ. ಮೂರು ವಾರ ಆದ್ಮೇಲೆ ಒಂದಿನ ಬಂದು ಬೆರಳ ತುದಿ ಮೂಸಿದ. ಅದಾದ್ಮೇಲೆ ಎದೆ ಮೇಲೆ, ಮುಂಗಾಲು ಎರಡರ ಮಧ್ಯೆ, ಒಂದೇ ಒಂದು ಬೆರಳಲ್ಲಿ ಸವರಿಸ್ಕೊಂಡ. ಬೆನ್ನಿಗೆ ಕೈ ಹೋಗೋಕೆ ಎಂಟು ತಿಂಗಳು ಹಿಡೀತು.

ಈಗ ದೀಪಾವಳಿ ರಾತ್ರಿ ಅವನು ಬಚ್ಚಲುಮನೆ ಮೂಲೇಲಿ, ನಾನು ಅವನ ಪಕ್ಕ ಮಣೆ ಹಾಕ್ಕೊಂಡು. ಕಿಟಕಿ ಮುಚ್ಚಿ ಫ್ಯಾನ್ ಜೋರಾಗಿ ಹಾಕಿ ಕಿವಿ ಬುಡದಿಂದ ತುದಿವರೆಗೆ ಹೆಬ್ಬೆರಳು ತೋರುಬೆರಳ ಮಧ್ಯೆ ಹಗುರಕ್ಕೆ ಜಾರಿಸ್ತಾ ಹೋಗ್ತೀನಿ, ಒಂದಾದ್ಮೇಲೆ ಒಂದು. ಪಟಾಕಿ ಸದ್ದಿಗೆ ನಡುಗೋದು ನಿಲ್ಲಲ್ಲ, ಸುಳ್ಳು ಯಾಕೆ ಹೇಳ್ಲಿ, ಆದ್ರೆ ಮುಂಚೆ ಗೋಡೆ ಪರಚಿ ಉಗುರು ಕಿತ್ಕೊಳ್ತಿದ್ದ, ಈಗ ಅದಿಲ್ಲ. ಹೆದರಿದಾಗ ಮುದ್ದು ಮಾಡಿದ್ರೆ ಹೆದರಿಕೆ ಜಾಸ್ತಿ ಆಗುತ್ತೆ ಅಂತ ಕೆಲವರು ಹೇಳ್ತಾರೆ, ನಂಬಬೇಡಿ, ಅವನಾಗೇ ಹತ್ರ ಬಂದ್ರೆ ಕೈ ಇಡಿ.

ಮೈ ಸವರೋದ್ರಲ್ಲಿ ಇನ್ನೊಂದು ಉಪಯೋಗ ಇದೆ, ಯಾರೂ ಹೇಳಲಿಲ್ಲ. ಕಿವಿ ಮಡಿಕೆ, ಕತ್ತುಪಟ್ಟಿ ಕೆಳಗೆ, ಕಾಲ್ಬೆರಳ ಸಂದಿ, ಇಲ್ಲೆಲ್ಲ ಕೈಗೆ ರಕ್ತ ಹೀರೋ ಉಣ್ಣೆ ಹುಳ ಸಿಗುತ್ತೆ. ಮಳೆ ನಿಂತ ಮೇಲಂತೂ ದಿನಾ ಒಂದೆರಡು ಗ್ಯಾರಂಟಿ. ಉಣ್ಣೆ ಜ್ವರ ಬಂದ ನಾಯಿನ ಒಂದ್ಸಲ ನೋಡಿದ್ರೆ ಈ ಕೆಲಸ ಯಾವತ್ತೂ ತಪ್ಪಿಸಲ್ಲ ನೀವು.

ಮೂರ್ನಾಯಿ_ಒಂದ್ಬೆಕ್ಕು

ಹೌದು, ಗಂಟುಗಳೂ ಅಷ್ಟೇ. ದಿನಾ ಕೈಯಾಡಿಸೋರಿಗೆ ನಿನ್ನೆ ಇರದ ಗಂಟು ಇವತ್ತು ಗೊತ್ತಾಗುತ್ತೆ. ಸಿಕ್ಕಿದ್ರೆ ಅದನ್ನ ಮಾತ್ರ ಉಜ್ಜಬೇಡಿ, ಕೆಲವು ಜಾತಿ ಗಂಟು ಉಜ್ಜಿದ್ರೆ ಕೆಂಪಾಗಿ ಊದಿಕೊಳ್ತವೆ. ದವಡೆ ಕೆಳಗೆ, ಹೆಗಲ ಮುಂದೆ, ಹಿಂಗಾಲ ಮಂಡಿ ಹಿಂದೆ ಎರಡೂ ಕಡೆ ಒಂದೇ ಥರ ಗೋಲಿ ಹಾಗೆ ಸಿಕ್ಕಿದ್ರೆ ಅವು ಗ್ರಂಥಿಗಳು, ಸಹಜವಾಗೇ ಇರೋವು, ಆದ್ರೆ ದಪ್ಪ ಆಗಿವೆ ಅನ್ಸಿದ್ರೆ ತೋರಿಸಿ. ಮರಿ ಆಗದ ಹಾಗೆ ಮಾಡೋ ಆಪರೇಷನ್ ಆಗದ ಹೆಣ್ಣು ನಾಯಿ ಆದ್ರೆ ಹೊಟ್ಟೆ ಕೆಳಗಿನ ಮೊಲೆ ಸಾಲನ್ನೂ ತಿಂಗಳಿಗೊಮ್ಮೆ ನೋಡಿ.

ಬೆಲ್ಲದ_ಮನೆ

ಹದಿನೈದು ದಿನ ಆದ್ಮೇಲೆ ಬಂದೆ, ಸಾರಿ, ಓಡಾಟ ಇತ್ತು. ಡಾಕ್ಟ್ರ ಹತ್ರ ಹೋಗಿದ್ವಿ. ಎಕ್ಸ್‌ರೇಲಿ ಎರಡೂ ಸೊಂಟದ ಕೀಲು ಸವೆದಿದೆ, ಎಡಗಡೆ ಜಾಸ್ತಿ. ನಾನು ಹೆಬ್ಬೆರಳಿಟ್ಟು ಒತ್ತಿದ್ದು ಸರಿಯಾಗಿ ಅದೇ ಜಾಗ. ಎಕ್ಸ್‌ರೇ ಬೆಳಕಿಗೆ ಹಿಡಿದು ತೋರಿಸಿದಾಗ ನಂಗೆ ಮಾತೇ ಹೊರಡಲಿಲ್ಲ. ಪೂರ್ತಿ ಗುಣವಾಗೋದಲ್ಲ, ಆದ್ರೆ ನೋವು ಕಮ್ಮಿ ಮಾಡಬಹುದು ಅಂದ್ರು, ನಾಯಿಗೇ ಅಂತ ಇರೋ ನೋವಿನ ಮಾತ್ರೆ ಕೊಟ್ಟಿದಾರೆ, ರಕ್ತ ಪರೀಕ್ಷೆ ಮಾಡ್ಸಿ ಕಿಡ್ನಿ ಲಿವರ್ ನೋಡಿ ಆಮೇಲೆ ಕೊಟ್ಟಿದ್ದು. ತೂಕ 37 ಕೆಜಿ, ಕನಿಷ್ಠ ಆರು ಕೆಜಿ ಇಳೀಬೇಕಂತೆ. ಗದ್ದೆಬಯಲು ಅವ್ರೇ, ನಿಮ್ಮ ಬಾಯಿಗೆ ಸಕ್ಕರೆ ಹಾಕ್ಬೇಕು, ಬೆಲ್ಲಂಗೆ ಮಾತ್ರ ರಸ್ಕ್ ಬಂದ್. ಅತ್ತೆ ಎರಡು ದಿನ ನನ್ನ ಹತ್ರ ಮಾತಾಡ್ಲಿಲ್ಲ, ಈಗ ರಸ್ಕ್ ಬದಲು ಬೀನ್ಸ್ ಬೇಯಿಸಿ ಕೊಡ್ತಾರೆ, ಅದನ್ನೂ ಕಚಕಚ ಅಂತ ತಿಂತಾಳೆ.

ಗಂಟು ಅಂದ್ರಲ್ಲ, ಎದೆ ಪಕ್ಕ ಒಂದು ಸಿಕ್ತು, ನಿಂಬೆಹಣ್ಣಿನಷ್ಟು, ಮೆತ್ತಗೆ, ಇಷ್ಟು ದಿನ ಕೈಗೆ ಹೇಗೆ ಸಿಕ್ಕಿರ್ಲಿಲ್ವೋ. ಸೂಜಿ ಹಾಕಿ ನೋಡಿದ್ರು, ಬರೀ ಕೊಬ್ಬಿನ ಗಂಟಂತೆ, ಲ್ಯಾಬ್‌ಗಳಿಗೆ ವಯಸ್ಸಾದ್ಮೇಲೆ ಬರೋದೇ ಅಂದ್ರು.

ನೆಲಕ್ಕೆ ಮ್ಯಾಟ್ ಹಾಸಿದೀವಿ, ನಮ್ಮ ಹಾಲ್ ಈಗ ಯೋಗ ಕ್ಲಾಸ್ ಥರ ಇದೆ, ಬಂದೋರೆಲ್ಲ ಚಪ್ಪಲಿ ಎಲ್ಲಿ ಬಿಡೋದು ಅಂತ ಕೇಳ್ತಾರೆ. ಕೌದಿ ಸಿಗಲಿಲ್ಲ ಅಣ್ಣಾ, ಜಮಖಾನನೇ ನಾಲ್ಕು ಮಡಿಕೆ ಮಾಡಿ ಹಾಸಿದೀನಿ.

ಇನ್ನು ನೀವೋದು. ಎಣ್ಣೆ ಬಾಟಲಿ ಕಣ್ಣಿಗೆ ಬೀಳದ ಹಾಗೆ ಅತ್ತೆ ರೂಮಿಗೆ ಕಳ್ಸಿದೆ. ಮೊದಲನೇ ವಾರ ನಾನು ಪಕ್ಕ ಕೂತ್ರೆ ಎದ್ದು ಹೋಗ್ತಿದ್ಲು, ತಾತ ಹೇಳಿದ ಹಾಗೆ ಹಿಂದೆ ಹೋಗಲಿಲ್ಲ, ಕಂಟ್ರಿ ಕರಿಯ ಅವ್ರ ಥರ ಫೋನ್ ನೋಡ್ತಾ ಕೂತಿದ್ದೆ. ಮೊನ್ನೆ ಹೆಗಲ ಮೇಲೆ ಕೈ ಇಟ್ಟೆ, ಇಟ್ಟು ಸುಮ್ನಿದ್ದೆ. ಹೆಗಲು ನಿಜವಾಗ್ಲೂ ಕಲ್ಲು ಕಲ್ಲು. ಒಂದು ನಾಲ್ಕು ನಿಮಿಷ ಆದ್ಮೇಲೆ ಮೂಗಿಂದ ಉದ್ದಕ್ಕೆ ಒಂದು ಉಸಿರು ಬಿಟ್ಲು, ಕೆಳದುಟಿ ಜೋತುಬಿದ್ದು ಮ್ಯಾಟಿಗೆ ಅಂಟ್ಕೊಳ್ತು. ಕೈ ತೆಗೆದು ಐದು ಎಣಿಸಿದೆ, ಮೂರಕ್ಕೇ ಮೂತಿಯಿಂದ ತಳ್ಳಿದ್ಲು.

ಈಗ ಒಂದೇ ಸಮಸ್ಯೆ. ಬಲಗಡೆ ಮಾತ್ರ ಮೇಲೆ ಬರೋ ಹಾಗೆ ಮಲಗ್ತಾಳೆ, ಎಡ ಹೆಗಲಿಗೆ ಕೈ ಹೋಗ್ತಾನೇ ಇಲ್ಲ. ನಿಧಾನಕ್ಕೆ ಮಗ್ಗುಲು ತಿರುಗಿಸಬಹುದಾ?

ತಿಪಟೂರು_ತಾತ

ಬೇಡ ತಾಯಿ, ತಿರುಗಿಸಬೇಡಿ. ಮಲಗಿರೋ ನಾಯಿ ಕಾಲು ಹಿಡಿದು ಮಗುಚಿದ್ರೆ ಪೂರ್ತಿ ಭಾರ ಸೊಂಟದ ಕೀಲಿಗೇ ಬೀಳೋದು. ಆ ಕಡೆ ಕೆಲಸ ಅವಳು ಕೂತಿರೋವಾಗ, ನಿಂತಿರೋವಾಗ ಮಾಡಿ, ಬೆಳಗ್ಗೆ ಎದ್ದು ಹತ್ತು ಹೆಜ್ಜೆ ಹಾಕಿ ಬಂದಳಲ್ಲ ಆವಾಗ. ಇಲ್ಲಾ ಒಂದಿನ ಹಾಸಿಗೆನ ದಿಕ್ಕು ಬದಲಾಯಿಸಿ ಹಾಕಿ ನೋಡಿ. ನಾಯಿಗಳಿಗೆ ಬಾಗಿಲ ಕಡೆ ಮುಖ ಇಟ್ಕೊಂಡು ಮಲಗೋ ಚಾಳಿ ಇರುತ್ತೆ, ಬಾಗಿಲು ಯಾವ ಕಡೆ ಇದೆಯೋ ಅದಕ್ಕೆ ತಕ್ಕ ಹಾಗೆ ಮಗ್ಗುಲು.

ಬೆಲ್ಲದ_ಮನೆ

ಅಯ್ಯೋ ಹೌದು ಸರ್, ಅಡುಗೆಮನೆ ಬಾಗಿಲ ಕಡೆಗೇ ಮುಖ ಇಡೋದು. ಇವತ್ತು ರಾತ್ರಿ ಜಮಖಾನ ಆ ಕಡೆ ಗೋಡೆಗೆ ಎಳೀತೀನಿ.